ಗಡಿಗೆಯ ನೀರು, ಸೂರಿನ ಹುಲ್ಲು

ಲಂಬಾಣಿಗರ ಚರಿತ್ರೆ ಹೇಳುವ ಬರಹಗಳಲ್ಲಿ ಒಂದು ತಾಮ್ರಪಟದ ಕತೆ ಮತ್ತೆ ಮತ್ತೆ ಬರುತ್ತದೆ. 1630ರ ಸುಮಾರಿಗೆ ಷಹಜಹಾನನ ವಜೀರ ಆಸಫ್ ಖಾನ್ ಬಿಜಾಪುರದ ಮೇಲೆ ದಂಡೆತ್ತಿ ಬಂದಾಗ, ಜಂಗಿ ಮತ್ತು ಭಂಗಿ ಎಂಬ ನಾಯಕರು 1,80,000 ಎತ್ತುಗಳ ಮೇಲೆ ದವಸ ಹೇರಿಕೊಂಡು ಜೊತೆಗೆ ಬಂದರಂತೆ. ಪ್ರತಿಯಾಗಿ ಅವರಿಗೆ ಸಿಕ್ಕಿದ್ದು ಹಳ್ಳಿಯ ಮನೆಗಳ ಗಡಿಗೆಯ ನೀರು, ಸೂರಿನ ಹುಲ್ಲು ತೆಗೆದುಕೊಳ್ಳುವ ಹಕ್ಕು. ದಿನಕ್ಕೆ ಮೂರು ಕೊಲೆಗಳ ಮಾಫಿ. ವಜೀರನ ಕುದುರೆ ನಿಂತಲ್ಲಿ ತಮ್ಮ ಎತ್ತು ನಿಲ್ಲಿಸುವ ಮಾನ.

ಇದನ್ನು ಸಾಮಾನ್ಯವಾಗಿ ಗೌರವದ ದಾಖಲೆಯೆಂದೇ ಓದುತ್ತಾರೆ. ನನಗೆ ಹಾಗೆ ಓದಲು ಆಗುವುದಿಲ್ಲ. ಕೊನೆಯ ಮಾನವೊಂದನ್ನು ಬಿಟ್ಟರೆ ವಜೀರ ತನ್ನದೆನ್ನುವ ಏನನ್ನೂ ಕೊಟ್ಟಿಲ್ಲ. ನೀರು ಯಾರದು, ಹುಲ್ಲು ಯಾರದು? ಕೋಗಳಿ ನಾಡಿನಂಥ ಮಳೆ ಕಡಿಮೆಯ ಸೀಮೆಯವರಿಗೆ ಈ ಪ್ರಶ್ನೆ ಬೇಗ ಹೊಳೆಯಬೇಕು. ಕೂಡ್ಲಿಗಿ, ಕೊಟ್ಟೂರಿನ ಕಡೆ ಬೇಸಿಗೆಯಲ್ಲಿ ಒಂದು ಗಡಿಗೆ ನೀರೆಂದರೆ ಸಣ್ಣ ಮಾತಲ್ಲ. ದಂಡು ಕೊಟ್ಟ ರಕ್ಷಣೆಯ ಬೆಲೆಯನ್ನು ದಾರಿಯ ಹಳ್ಳಿ ತೆರಬೇಕು; ಹಳ್ಳಿಯ ಸಿಟ್ಟನ್ನು ಲಂಬಾಣಿಗರು ಹೊರಬೇಕು.

ಹಾಗಾದರೆ ಕಾವಲು ಯಾರಿಗೆ? 1791–92ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯವೂ ಇವರ ಎತ್ತುಗಳನ್ನೇ ನೆಚ್ಚಿತ್ತು. ದವಸ ಬಾರದಿದ್ದರೆ ದಂಡು ಮುಂದೆ ಸಾಗದು. ಕಾವಲಿದ್ದದ್ದು ದವಸಕ್ಕೆ, ಅದನ್ನು ತಂದವರಿಗಲ್ಲ.

ಮುಂದಿನ ಚರಿತ್ರೆ ಇದನ್ನೇ ಹೇಳುತ್ತದೆ. 1800ರಲ್ಲಿ ಈ ಸೀಮೆ ಕಂಪನಿಯ ಕೈಸೇರಿತು. ಯುದ್ಧಗಳು ಮುಗಿದವು, ರಸ್ತೆ, ರೈಲು ಬಂದವು, ಹೇರಿನ ಎತ್ತು ಬೇಡವಾಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಲೆಮಾರಿತನವನ್ನೇ ಅನುಮಾನದಿಂದ ನೋಡಿತು. 1911ರಲ್ಲಿ ಅದರ ವ್ಯಾಪ್ತಿ ಬಳ್ಳಾರಿ ಜಿಲ್ಲೆಯಿದ್ದ ಮದ್ರಾಸ್ ಪ್ರಾಂತ್ಯಕ್ಕೂ ಹಬ್ಬಿತು. ಒಂದು ಪ್ರಭುತ್ವ ಕೊಲೆಯನ್ನೂ ಮನ್ನಿಸಿತ್ತು, ಇನ್ನೊಂದು ನಡೆದಾಟವನ್ನೂ ಮನ್ನಿಸಲಿಲ್ಲ. ಎರಡಕ್ಕೂ ಲಂಬಾಣಿಗ ಮನುಷ್ಯನಾಗಿ ಕಂಡಿರಲಿಲ್ಲ.

ಪಟ ನಿಜವೋ ಕಟ್ಟುಕತೆಯೋ ಎಂಬ ಚರ್ಚೆಗಿಂತ, ಅದರಲ್ಲಿ ಯಾರ ದನಿ ಇಲ್ಲ ಎಂದು ಕೇಳುವುದು ಸಾಹಿತ್ಯದ ವಿದ್ಯಾರ್ಥಿಗೆ ಹೆಚ್ಚು ಉಪಯುಕ್ತ. ಗಡಿಗೆ ತುಂಬಿಟ್ಟ ಹೆಂಗಸಿನ ಮಾತು ಅಲ್ಲಿಲ್ಲ, ಎತ್ತು ಹೊಡೆದವನ ಮಾತೂ ಇಲ್ಲ. ಹರಪನಹಳ್ಳಿ, ಹಡಗಲಿಯ ತಾಂಡಾಗಳಿಂದ ಇಂದಿಗೂ ಜನ ಗುಳೆ ಹೋಗುತ್ತಾರೆ. ಅವರ ಬಗ್ಗೆ ಬರೆಯುವವರು ಆ ಪಟದ ವೈಭವವನ್ನು ಮತ್ತೆ ಹೊಗಳುವ ಬದಲು, ಹೋದ ಊರಿನಲ್ಲಿ ಅವರಿಗೆ ನೀರು ಕೊಡುವವರು ಯಾರು ಎಂದು ವಿಚಾರಿಸಲಿ.