ಮನೋರಮೆಯ ಆಯ್ಕೆ

ಮುದ್ದಣ ಕವಿಯ (1870–1901) ‘ಶ್ರೀರಾಮಾಶ್ವಮೇಧ’ವನ್ನು ಒಮ್ಮೆ ಓದಿದವರು ಅದರ ಕಥೆಯನ್ನು ಮರೆತಿರಬಹುದು, ಕಥೆ ಮೊದಲಾಗುವುದಕ್ಕೆ ಮುಂಚೆ ನಡೆಯುವ ದಂಪತಿಗಳ ಸಲ್ಲಾಪವನ್ನು ಮಾತ್ರ ಮರೆತಿರಲಾರರು. ಹೊರಗೆ ಮಳೆಗಾಲ, ಒಳಗೆ ಹೊತ್ತು ಹೋಗದು. ಮನೋರಮೆ ಒಂದು ಒಳ್ಳೆಯ ಕಥೆಯನ್ನು ಕೇಳಬಯಸುತ್ತಾಳೆ. ಯಾವ ಕಥೆ ಎಂಬ ವಿಷಯದಲ್ಲಿ ಕವಿಗೂ ಆಕೆಗೂ ಕೊಂಚ ಚೌಕಾಶಿಯೇ ನಡೆಯುತ್ತದೆ. ಆಮೇಲೆ ಪದ್ಯವೋ ಗದ್ಯವೋ ಎಂಬ ಪ್ರಶ್ನೆ. ಸಂಸ್ಕೃತವೆಷ್ಟು, ಕನ್ನಡವೆಷ್ಟು ಎಂಬ ಪ್ರಶ್ನೆ. ವಿಮರ್ಶಕರು ಈ ಭಾಗವನ್ನು ಗದ್ಯಶೈಲಿಯ ಚರ್ಚೆಗಾಗಿ ಉದಾಹರಿಸುವುದು ವಾಡಿಕೆ. ನಮಗೆ ಇದು ಬೇರೊಂದು ಕಾರಣದಿಂದ ಮುಖ್ಯವಾಗಿ ತೋರುತ್ತದೆ. ಒಂದು ಮನೆಯಲ್ಲಿ ಮುಂದೆ ಏನನ್ನು ಓದಬೇಕು ಎಂಬುದು ಹೇಗೆ ನಿರ್ಣಯವಾಗುತ್ತದೆ ಎಂಬುದನ್ನು ಇಷ್ಟು ಸಹಜವಾಗಿ ತೋರಿಸಿದ ಪ್ರಕರಣವನ್ನು ನಾವು ಕನ್ನಡದಲ್ಲಿ ಬೇರೆ ಕಾಣೆವು.

ಇಲ್ಲಿ ಗಮನಿಸತಕ್ಕದ್ದೇನೆಂದರೆ, ಎಲ್ಲಕ್ಕಿಂತ ದೊಡ್ಡ ಕಾವ್ಯ ಯಾವುದೆಂದು ಆಕೆ ಕೇಳುವುದಿಲ್ಲ. ಲೋಕ ಮೆಚ್ಚಿದುದನ್ನು ತಾನೂ ಮೆಚ್ಚದಿದ್ದರೆ ಕುಂದೆಂಬ ಭೀತಿ ಆಕೆಗಿಲ್ಲ. ತನ್ನ ಕಿವಿಗೆ ಯಾವುದು ಒಗ್ಗುವುದು, ಈ ಮಳೆಯ ಹೊತ್ತಿಗೆ ಯಾವುದು ಹಿತ ಎಂಬುದೇ ಆಕೆಗೆ ಆಧಾರ. ಆಯ್ದುಕೊಂಡ ಮೇಲೂ ಸುಮ್ಮನಿರುವವಳಲ್ಲ. ನಡುನಡುವೆ ಕವಿಯನ್ನು ತಡೆದು ಪ್ರಶ್ನಿಸುತ್ತಾಳೆ. ಪದ್ಯವನ್ನು ತಳ್ಳಿಹಾಕಿದ ಆಕೆಯ ತೀರ್ಪನ್ನು ನಾವು ಒಪ್ಪಲಾರೆವು. (ಮುದ್ದಣನೂ ಮನಃಪೂರ್ವಕವಾಗಿ ಒಪ್ಪಿದಂತೆ ಕಾಣುವುದಿಲ್ಲ, ಗದ್ಯವೆಂಬ ಹೆಸರಿನಲ್ಲಿ ಆತನು ಬಡಿಸಿದುದು ಹಳಗನ್ನಡ ಕಾವ್ಯದ ನಡೆಯನ್ನೇ ಅಲ್ಲವೆ?) ಆದರೆ ಆಯ್ಕೆಯ ಅಧಿಕಾರವನ್ನು ತನ್ನಲ್ಲೇ ಇಟ್ಟುಕೊಂಡ ಆಕೆಯ ಧೈರ್ಯವನ್ನು ಮೆಚ್ಚಲೇಬೇಕು.

ಈ ಧೈರ್ಯದ ಅವಶ್ಯಕತೆ ನಮ್ಮ ಹಿರಿಯರಿಗೆ ಅಷ್ಟಾಗಿ ಇರಲಿಲ್ಲ. ಕಾವ್ಯವಾಚನ ನಡೆಯುತ್ತಿದ್ದ ಮನೆಗಳಲ್ಲಿ ದಾರಿ ಮೊದಲೇ ಬಿದ್ದಿತ್ತು. ಕುಮಾರವ್ಯಾಸನ ಭಾರತ ಹತ್ತು ಪರ್ವಗಳದು. ಗದಾಪರ್ವದೊಡನೆ ಅದು ಮುಗಿಯುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಹೇಳಿದನಾದರೂ ಜನ ಹೆಚ್ಚಾಗಿ ಕೈಗೆತ್ತಿಕೊಂಡದ್ದು ಅಶ್ವಮೇಧದ ಕಥೆಯನ್ನು ಹೇಳುವ ಲಕ್ಷ್ಮೀಶನ ಜೈಮಿನಿ ಭಾರತವನ್ನು. ಒಂದು ಗ್ರಂಥ ಎಲ್ಲಿ ನಿಂತಿತೋ ಅಲ್ಲಿಂದ ಇನ್ನೊಂದು ಕೈಹಿಡಿಯುತ್ತಿತ್ತು. ಷಟ್ಪದಿಯೂ ದಿನದ ಓದಿಗೆ ಹೇಳಿಮಾಡಿಸಿದ ಅಳತೆ. ಕುಮಾರವ್ಯಾಸನ ಪದ್ಯಗಳು ಎಂಟು ಸಾವಿರಕ್ಕೂ ಮಿಕ್ಕಿವೆ. ಕೇಳಿದರೆ ಎದೆ ನಡುಗುವ ಸಂಖ್ಯೆ. ದಿನಕ್ಕೆ 25 ಪದ್ಯಗಳಂತೆ ದೀಪ ಹಚ್ಚಿದ ಮೇಲೆ ಓದಿಕೊಂಡು ಹೋದರೆ ಮುಂದಿನ ಯುಗಾದಿಯೊಳಗಾಗಿ ಆ ಸಮುದ್ರವನ್ನು ದಾಟಿರಬಹುದು. ದಿನಕ್ಕೊಂದು ಪುಸ್ತಕವೆಂದು ಲೆಕ್ಕವಿಡುವವರಿಗೆ ಈ ನಿಧಾನ ಹಿಡಿಸದು. ಆದರೆ ನಿಧಾನವಾಗಿ ಓದಿದವನಿಗೆ ಮುಂದಿನ ಗ್ರಂಥ ಯಾವುದೆಂದು ಯೋಚಿಸಲು ಒಂದು ವರ್ಷದ ಅವಕಾಶ ದೊರೆಯುತ್ತದೆ ಎಂಬುದನ್ನೂ ಎಣಿಸಬೇಕು.

ಅಚ್ಚಿನ ಯಂತ್ರ ಈ ದಾರಿಯನ್ನು ಬಯಲು ಮಾಡಿತು. ಬಿ. ವೆಂಕಟಾಚಾರ್ಯರು (1845–1914) ಬಂಕಿಮಚಂದ್ರರ ಕಾದಂಬರಿಗಳನ್ನು ಕನ್ನಡಕ್ಕೆ ತಂದರು. ಗಳಗನಾಥರು (1869–1942) ತಮ್ಮ ಗ್ರಂಥಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆಮೇಲೆ ಅ. ನ. ಕೃಷ್ಣರಾಯರು ಒಬ್ಬರೇ ನೂರಕ್ಕೂ ಮಿಕ್ಕು ಕಾದಂಬರಿಗಳನ್ನು ಬರೆದರು. ಇವರೆಲ್ಲ ಕನ್ನಡಕ್ಕೆ ಓದುಗರನ್ನು ಸಂಪಾದಿಸಿಕೊಟ್ಟ ಮಹನೀಯರು; ಇವರ ಋಣವನ್ನು ಲಘುವಾಗಿ ಕಾಣುವುದು ಕೃತಘ್ನತೆ. ಆದರೂ ಬಯಲಿನಲ್ಲಿ ದಾರಿ ತಪ್ಪುವುದು ಸುಲಭ. ಇಂದಿನ ವಾಚಕರಲ್ಲಿ ಕೆಲವರು ಬಹುಮಾನ ಬಂದ ಗ್ರಂಥವನ್ನು ಕೊಂಡು, ನಾಲ್ವತ್ತು ಪುಟ ಓದಿ, ಗೂಡಿನಲ್ಲಿಡುತ್ತಾರೆ. ಮುಂದಿನ ವರ್ಷ ಮತ್ತೊಂದು ಬಹುಮಾನ, ಮತ್ತೆ ನಾಲ್ವತ್ತು ಪುಟ. ಇನ್ನು ಕೆಲವರು ರುಚಿಸಿದುದರ ಪಡಿಯಚ್ಚನ್ನೇ ಅರಸುತ್ತ ಹೋಗುತ್ತಾರೆ. ಅವರಿಗೆ ಸಹಾಯಕವಾಗಿ ಈಗ ಕೈಯಲ್ಲಿನ ದೂರವಾಣಿಯೇ, ಇದನ್ನು ಕೊಂಡವರು ಅದನ್ನೂ ಕೊಂಡರೆಂದು ಪಿಸುಗುಟ್ಟುತ್ತದೆ. ಕೊಂಡವರೆಂದಷ್ಟೇ ಅದು ಹೇಳುತ್ತದೆ. ಓದಿದರೋ ಇಲ್ಲವೋ ಅದಕ್ಕೇನು ಗೊತ್ತು? ಈ ಎರಡು ಬಗೆಯಲ್ಲಿಯೂ ಕಳೆದುಹೋಗುವುದು ಒಂದೇ: ಹಿಂದಿನ ಓದಿಗೂ ಮುಂದಿನ ಓದಿಗೂ ನಡುವೆ ನಡೆಯಬೇಕಾದ ಸಂವಾದ.

ಮುಂದಿನ ಗ್ರಂಥ ಹಿಂದಿನದರೊಡನೆ ವಾದಕ್ಕೆ ನಿಲ್ಲುವಂಥದಾಗಿರಬೇಕೆಂಬುದು ನಮ್ಮ ಮತ. ಕುಮಾರವ್ಯಾಸನಲ್ಲಿಗೇ ಮರಳಿ ಹೋಗೋಣ. ಆತನ ದೃಷ್ಟಿಯಲ್ಲಿ ಭಾರತವೆಂದರೆ ಕೃಷ್ಣನ ಕಥೆ. ಆ ಭಕ್ತಿಯ ಹೊಳೆಯಲ್ಲಿ ತಿಂಗಳುಗಟ್ಟಲೆ ತೇಲಿ, ಕೌರವನ ತೊಡೆ ಮುರಿದುದನ್ನು ಕಂಡು, ಪುಸ್ತಕ ಮುಚ್ಚಿದ ವಾಚಕನು ಜೈಮಿನಿಗೆ ಹೋಗುವ ಬದಲು ರನ್ನನ ‘ಗದಾಯುದ್ಧ’ವನ್ನು ತೆರೆಯಲಿ. ಯುದ್ಧ ಅದೇ; ಗದೆ ಅದೇ; ಮುರಿಯುವ ತೊಡೆಯೂ ಅದೇ. ಆದರೆ ಇಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣನನ್ನು ಕಂಡು ನಿಲ್ಲುತ್ತಾನೆ; ಮಗನಾದ ಲಕ್ಷ್ಮಣನನ್ನು ಕಾಣುತ್ತಾನೆ; ತಮ್ಮ ದುಶ್ಶಾಸನನನ್ನು, ಗೆಳೆಯ ಕರ್ಣನನ್ನು ಕಂಡು ಕರಗುತ್ತಾನೆ. ಅಷ್ಟೇ ಅಲ್ಲ, ಶತ್ರುವಿನ ಮಗನಾದ ಅಭಿಮನ್ಯುವಿನ ಶವದ ಮುಂದೆ ಅವನ ಸಾಹಸವನ್ನು ಬಾಯಿತುಂಬ ಹೊಗಳುತ್ತಾನೆ. ರನ್ನನ ಉದ್ದೇಶ ಭೀಮನನ್ನು ಎತ್ತಿ ಹಿಡಿಯುವುದು. ತನ್ನ ಒಡೆಯನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಕಾವ್ಯವಿದು. ಆದರೂ ಕವಿಹೃದಯ ಸೋತವನ ಕಡೆಗೆ ವಾಲಿದೆ. ಇಲ್ಲಿಂದ ಕುಮಾರವ್ಯಾಸನ ಗದಾಪರ್ವಕ್ಕೆ ಹಿಂದಿರುಗಿದರೆ ಅದೇ ಪದ್ಯಗಳು ಬೇರೆ ದನಿಯಲ್ಲಿ ಕೇಳುತ್ತವೆ. ಎರಡು ಗ್ರಂಥಗಳನ್ನು ಓದಿ ಮೂರರ ಫಲ ಪಡೆದಂತಾಯಿತು.

ಹಳಗನ್ನಡ ನಮಗೆ ಬಾರದಲ್ಲ ಎಂಬ ಆಕ್ಷೇಪ ಸಹಜವಾದುದು, ಉಪೇಕ್ಷಿಸತಕ್ಕದ್ದೂ ಅಲ್ಲ. ಕುಮಾರವ್ಯಾಸನ ಕನ್ನಡ ಕಿವಿಯಿಂದಲೇ ಅರ್ಧ ಇಳಿಯುತ್ತದೆ. ಚಂಪುವಿನ ಕನ್ನಡ ಹಾಗಲ್ಲ. ಶಾಲೆಯಲ್ಲಿ ಪರೀಕ್ಷೆಗಾಗಿ ನಾಲ್ಕು ಪದ್ಯ ಅರೆದು ಕುಡಿದವರಿಗೆ ಅದರ ಹೆಸರೇ ಕಹಿ. ಆದುದರಿಂದ ನಡುವೆ ಒಂದು ಮೆಟ್ಟಿಲು ಬೇಕು. ಬಿ. ಎಂ. ಶ್ರೀಕಂಠಯ್ಯನವರು ರನ್ನನ ಕಾವ್ಯವನ್ನು ಆಧರಿಸಿ ‘ಗದಾಯುದ್ಧ ನಾಟಕ’ವನ್ನು ರಚಿಸಿಕೊಟ್ಟಿದ್ದಾರೆ. ಮನೆಯವರೆಲ್ಲ ಒಂದೊಂದು ಪಾತ್ರವನ್ನು ಹಂಚಿಕೊಂಡು ಅದನ್ನು ಗಟ್ಟಿಯಾಗಿ ಓದಲಿ. ಮಕ್ಕಳಿಗೆ ಭೀಮನ ಪಾತ್ರವನ್ನು ಕೊಟ್ಟರೆ ಅರ್ಥವಾಗದ ಶಬ್ದವನ್ನೂ ಅವರು ಗರ್ಜಿಸಿಯೇ ಹೇಳುವರು. ಅರ್ಥ ಮೆಲ್ಲಗೆ ಹಿಂದಿನಿಂದ ಬರುತ್ತದೆ. ಆ ಬಳಿಕ ರನ್ನನ ಹತ್ತು ಆಶ್ವಾಸಗಳು ಅಷ್ಟೊಂದು ದುರ್ಗಮವಾಗಿ ತೋರವು. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಐದಾರು ಪದ್ಯ ಸಾಕು.

ರನ್ನನು ಮುಗಿದ ಮೇಲೆ ಪಂಪನ ‘ವಿಕ್ರಮಾರ್ಜುನ ವಿಜಯ’. ಕ್ರಿ. ಶ. 941ರಲ್ಲಿ ರಚಿತವಾದ ಈ ಕಾವ್ಯವನ್ನು ಮೊದಲೇ ಓದಬೇಕೆಂದು ಕಾಲಾನುಕ್ರಮದ ಪಕ್ಷಪಾತಿಗಳು ಹೇಳುವರು. ಚರಿತ್ರೆಯನ್ನು ಬರೆಯುವವರಿಗೆ ಆ ಕ್ರಮ ಸರಿ. ಮನೆಯಲ್ಲಿ ಓದುವವರಿಗೆ ಅದರಿಂದ ಪ್ರಯೋಜನವಿಲ್ಲ. ಆದಿಕವಿಯಿಂದಲೇ ಆರಂಭಿಸಬೇಕೆಂದು ಹಟಹಿಡಿದು ಮೊದಲನೆಯ ಆಶ್ವಾಸದಲ್ಲೇ ಕೈಬಿಟ್ಟವರು ಎಷ್ಟು ಮಂದಿಯೋ! ರನ್ನನಲ್ಲಿ ಪಳಗಿ ಬಂದವನಿಗೆ ಪಂಪನ ಹದಿನಾಲ್ಕು ಆಶ್ವಾಸಗಳಲ್ಲಿ ಕಾದಿರುವ ಆಶ್ಚರ್ಯಗಳೇ ಬೇರೆ. ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ ಕಾರಣ ಇಲ್ಲಿ ದ್ರೌಪದಿ ಅರ್ಜುನನೊಬ್ಬನ ಮಡದಿ. ಕೊನೆಯಲ್ಲಿ ಪಟ್ಟವಾಗುವುದು ಸುಭದ್ರೆಗೆ. ಐವರ ಹೆಂಡತಿಯೆಂಬ ಮೂದಲಿಕೆಯಿಂದ ಬಿಡುಗಡೆ ಹೊಂದಿದ ದ್ರೌಪದಿ, ಸಭೆಯ ಅವಮಾನವನ್ನೆಲ್ಲ ಅನುಭವಿಸಿಯೂ ಪಟ್ಟದಿಂದ ವಂಚಿತಳಾದುದು ನ್ಯಾಯವೆ? ಕುಮಾರವ್ಯಾಸನ ದ್ರೌಪದಿಯ ಅಳಲನ್ನು ಒಂದು ವರ್ಷ ಕಾಲ ದೀಪದ ಬೆಳಕಿನಲ್ಲಿ ಕೇಳಿದ ಮನೆಯಲ್ಲಿ ಈ ಪ್ರಶ್ನೆ ಏಳದೆ ಇರದು. ಎದ್ದಾಗ ಎಸ್. ಎಲ್. ಭೈರಪ್ಪನವರ ‘ಪರ್ವ’ವನ್ನು (1979) ತೆಗೆಯಬಹುದು. ಅಥವಾ ಮನೆಯ ಮನೋರಮೆ ಇದಾವುದೂ ಬೇಡ, ಈ ಮಳೆಗಾಲಕ್ಕೆ ಬೇರೇನಾದರೂ ನಗುವಂಥದು ಬೇಕೆಂದರೆ, ಪಂಪನು ಇನ್ನೊಂದು ವರ್ಷ ಕಾಯಲಿ. ಆತನಿಗೆ ಕಾದು ಅಭ್ಯಾಸವಿದೆ.