ಏಪ್ರಿಕಾಟ್ ಬಣ್ಣ: ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಹಣ್ಣಿನ ಹೆಸರು ಹೊತ್ತ ಬಣ್ಣಗಳಿಗೆ ಇಂಗ್ಲಿಷಿನಲ್ಲಿ ಬರವಿಲ್ಲ. ಆದರೆ ಅವುಗಳಲ್ಲಿ ಹಣ್ಣಿನ ಹಂಗು ಪೂರ್ತಿ ಬಿಟ್ಟು ನಿಂತದ್ದು ಆರೆಂಜ್ ಒಂದೇ. 1969ರಲ್ಲಿ ಸಂಶೋಧಕರಾದ ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ ಇಂಗ್ಲಿಷಿಗೆ 11 ಮೂಲ ಬಣ್ಣಪದಗಳಿವೆ ಎಂದು ಲೆಕ್ಕ ಹಾಕಿದಾಗ ಅದಕ್ಕೂ ಜಾಗ ಸಿಕ್ಕಿತು. ಏಪ್ರಿಕಾಟ್‌ಗೆ ಆ ಪಂಕ್ತಿಯಲ್ಲಿ ಎಲೆ ಹಾಕಿಲ್ಲ. ಆ ಪದ ಕೇಳಿದವರು ಇಂದಿಗೂ ಮೊದಲು ಹಣ್ಣನ್ನು ನೆನೆಯಬೇಕು, ಆಮೇಲೆ ಬಣ್ಣವನ್ನು. ಅದರ ಬಲವೆಲ್ಲ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. ಬರೆಯುವವರ ಕಣ್ಣ ಮುಂದೆ ಹಣ್ಣಿದ್ದರೆ ಪದ ಸೊಗಸಾಗಿ ಕೂರುತ್ತದೆ. ಹಣ್ಣು ಮರೆತರೆ ಪೊಳ್ಳಾಗುತ್ತದೆ.

ಕಳಿತ ಏಪ್ರಿಕಾಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಎಲೆಯ ಮರೆಯಲ್ಲಿದ್ದ ಮಗ್ಗುಲು ತಿಳಿಹಳದಿ. ಬಿಸಿಲು ತಾಗಿದ ಮಗ್ಗುಲಿಗೆ ಕೆಂಪೇರಿರುತ್ತದೆ, ಕೆಲವು ಹಣ್ಣಿನಲ್ಲಿ ಸಣ್ಣ ಸಣ್ಣ ಚುಕ್ಕೆಗಳೂ ಇರುತ್ತವೆ. ಹಳದಿ ಎಲ್ಲಿ ಮುಗಿಯಿತು, ಕೆಂಪು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲು ಬರುವುದಿಲ್ಲ. ಸಿಪ್ಪೆಯ ಮೇಲಿನ ನವಿರು ರೋಮ ಹೊಳಪನ್ನು ತಗ್ಗಿಸಿ ಇಡೀ ಬಣ್ಣವನ್ನು ಮೆತ್ತಗೆ ಮಾಡುತ್ತದೆ. ಒಣಗಿದ ಹಣ್ಣಿನ ಕಥೆಯೇ ಬೇರೆ. ಗಂಧಕದ ಹೊಗೆ ಕೊಟ್ಟು ಒಣಗಿಸಿದ್ದು ಕಡು ಕಿತ್ತಳೆಯಾಗಿ ಉಳಿಯುತ್ತದೆ, ಹೊಗೆ ಕೊಡದೆ ಒಣಗಿಸಿದ್ದು ಕಂದಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಜರ್ದಾಳು ಎಂದು ಸಿಗುವ ಕಂದು ಹಣ್ಣನ್ನಷ್ಟೇ ಬಲ್ಲವರು ಇಂಗ್ಲಿಷ್ ಕಾದಂಬರಿಯಲ್ಲಿ ಏಪ್ರಿಕಾಟ್ ಬಣ್ಣದ ಸಂಜೆ ಬಂದರೆ ತಬ್ಬಿಬ್ಬಾಗುವುದು ಸಹಜ.

ಈ ಪದವನ್ನು ಅತ್ಯಂತ ಚೆನ್ನಾಗಿ ಬಳಸಿದವರು ಇಂಗ್ಲೆಂಡಿನ ಹೂದೋಟದವರು. 1910ರಲ್ಲಿ ಬಂದ 'ಲೇಡಿ ಹಿಲ್ಲಿಂಗ್ಡನ್' ಎಂಬ ಟೀ ಗುಲಾಬಿಯನ್ನು ಅವರು ಏಪ್ರಿಕಾಟ್ ಹಳದಿ ಎನ್ನುತ್ತಾರೆ. ಅದರ ಚಿಗುರೆಲೆ ಕೆನ್ನೇರಳೆ. ಆ ಕಪ್ಪಿನ ಪಕ್ಕ ಉದ್ದನೆಯ ಮೊಗ್ಗು ಬಿರಿಯುವಾಗ ಒಳಗಿನ ಬಣ್ಣ ಗಾಢವಾಗಿರುತ್ತದೆ. ಅರಳಿದಂತೆಲ್ಲ ಹೊರಗಿನ ಪಕಳೆಗಳು ತೆಳುವಾಗುತ್ತ ಹೋಗುತ್ತವೆ. ಹಳದಿ ಎಂದಷ್ಟೇ ಹೇಳಿದರೆ ಈ ನಡೆ ತಪ್ಪಿಹೋಗುತ್ತದೆ. 'ಸಟನ್ಸ್ ಏಪ್ರಿಕಾಟ್' ಎಂಬ ಫಾಕ್ಸ್‌ಗ್ಲೋವ್ ಹೂ ಇದಕ್ಕೆ ತದ್ವಿರುದ್ಧ, ಅದು ವಾಲುವುದು ನಸುಗೆಂಪಿನ ಕಡೆಗೆ. ಎರಡು ಹೂಗಳನ್ನು ಅಕ್ಕಪಕ್ಕ ಇಟ್ಟರೆ ಒಂದೇ ಬಣ್ಣ ಎಂದು ಯಾರೂ ಹೇಳಲಾರರು. ಆದರೂ ಒಂದು ಹಣ್ಣಿನ ನೆರಳಿನ ಮಗ್ಗುಲಿನದು, ಇನ್ನೊಂದು ಬಿಸಿಲಿನ ಮಗ್ಗುಲಿನದು. ಹಾಗಾಗಿ ಎರಡಕ್ಕೂ ಆ ಹೆಸರು ಒಪ್ಪುತ್ತದೆ.

ಪೂಡಲ್ ನಾಯಿಗಳ ವಿಷಯದಲ್ಲೂ ನನ್ನ ತೀರ್ಮಾನ ಇದೇ. ಅಮೆರಿಕನ್ ಕೆನಲ್ ಕ್ಲಬ್ ಒಪ್ಪಿದ ಬಣ್ಣಗಳಲ್ಲಿ ಏಪ್ರಿಕಾಟ್ ಇದೆ. ವಯಸ್ಸಾದಂತೆ ಮಸುಕಾಗುವ ಆ ರೋಮಕ್ಕೆ ಇದಕ್ಕಿಂತ ತಕ್ಕ ಹೆಸರು ಸಿಗುವುದು ಕಷ್ಟ.

ಪದದ ಮಿತಿಯನ್ನು ಸರಿಯಾಗಿ ಅರಿತಿದ್ದವರು ಸ್ಮಿತ್‌ಸೋನಿಯನ್‌ನ ಪಕ್ಷಿವಿಜ್ಞಾನಿ ರಾಬರ್ಟ್ ರಿಡ್ಜ್‌ವೇ. 1912ರಲ್ಲಿ 1,115 ಬಣ್ಣಗಳಿಗೆ ಹೆಸರು ಕೊಟ್ಟು, ಪ್ರತಿಯೊಂದಕ್ಕೂ ಮಾದರಿ ಅಂಟಿಸಿ ಪುಸ್ತಕ ಮಾಡಿದ ಅವರು ಏಪ್ರಿಕಾಟ್ ಪದಕ್ಕೆ ಜೊತೆಗೊಂದು ಪದ ಕೊಟ್ಟರು: ಏಪ್ರಿಕಾಟ್ ಹಳದಿ, ಏಪ್ರಿಕಾಟ್ ಬಫ್, ಏಪ್ರಿಕಾಟ್ ಆರೆಂಜ್. ಹಕ್ಕಿಯ ಎದೆಗರಿಯನ್ನು ನೋಡದವರಿಗೆ ಅದರ ಬಣ್ಣ ತಿಳಿಸಬೇಕಾದವರು ಹೀಗೇ ಬರೆಯಬೇಕು.

ನೂರು ವರ್ಷಗಳ ಮೇಲೂ ಆ ಎಚ್ಚರ ಬಂದಿಲ್ಲ ಎಂಬುದೇ ನನ್ನ ತಕರಾರು. ಕ್ರೆಯೋಲಾ ಪೆಟ್ಟಿಗೆಯಲ್ಲಿ 1958ರಿಂದ ಇರುವ ಏಪ್ರಿಕಾಟ್ ಬಳಪವನ್ನು ಪರದೆಯ ಅಂಕಿಗಳಲ್ಲಿ ಕೆಂಪು 253, ಹಸಿರು 213, ನೀಲಿ 177 ಎಂದು ಕೊಡುತ್ತಾರೆ. ಅದೊಂದು ಪೇಲವ ಕೆನೆಬಣ್ಣ. 2010ರಲ್ಲಿ ವ್ಯಂಗ್ಯಚಿತ್ರಕಾರ ರಾಂಡಲ್ ಮನ್ರೋ ನಡೆಸಿದ ಸಮೀಕ್ಷೆಯಲ್ಲಿ ಜನರ ಉತ್ತರಗಳಿಂದ ಹೊರಟ ಏಪ್ರಿಕಾಟ್ 255, 177, 109. ಅದು ಎದ್ದು ಕಾಣುವ ಕಿತ್ತಳೆ. ಇಷ್ಟು ಅಂತರವಿರುವ ಪದವನ್ನು ಒಂಟಿಯಾಗಿ ಗೋಡೆಬಣ್ಣದ ಡಬ್ಬಿಯ ಮೇಲೂ ಸೀರೆ, ಕುರ್ತಿಗಳ ಆನ್‌ಲೈನ್ ಪಟ್ಟಿಯಲ್ಲೂ ಅಚ್ಚು ಹಾಕಿದರೆ ಕೊಳ್ಳುವವರಿಗೆ ಏನು ತಿಳಿಯಬೇಕು? ಇಡೀ ಗೋಡೆಗೆ ಒಂದೇ ಸಮ ಬಳಿದ ಬಣ್ಣದಲ್ಲಿ ಬಿಸಿಲಿನ ಮಗ್ಗುಲೂ ಇಲ್ಲ, ನೆರಳಿನ ಮಗ್ಗುಲೂ ಇಲ್ಲ. ಅಲ್ಲಿ ಉಳಿಯುವುದು ಹಣ್ಣಿನ ರುಚಿಯ ಆಮಿಷ ಮಾತ್ರ.

ಇನ್ನೊಂದು ಬಳಕೆ ನನ್ನನ್ನು ನಿಜವಾಗಿ ನೋಯಿಸುತ್ತದೆ. ಕ್ರೆಯೋಲಾದವರು 'ಫ್ಲೆಶ್' ಎಂಬ ಬಳಪದ ಹೆಸರನ್ನು 1962ರಲ್ಲಿ 'ಪೀಚ್' ಎಂದು ಬದಲಿಸಿದರು. ಮನುಷ್ಯರ ಮೈಗೆ ಒಂದೇ ಬಣ್ಣವೆಂಬ ಮಾತನ್ನು ಕೈಬಿಟ್ಟದ್ದು ಸರಿಯಾಯಿತು. ಆದರೆ ಏಪ್ರಿಕಾಟ್ ಕೆನ್ನೆ ಎಂದು ಬರೆದು ಅದನ್ನೇ ಆರೋಗ್ಯದ, ಚೆಲುವಿನ ಗುರುತು ಮಾಡುವವರು ಬಿಟ್ಟ ಮಾತನ್ನೇ ಹಣ್ಣಿನ ಹೆಸರಿನಲ್ಲಿ ಮತ್ತೆ ತರುತ್ತಾರೆ. ಕಪ್ಪು, ಎಣ್ಣೆಗೆಂಪು ಮೈಬಣ್ಣದವರಿಗೆ ಆ ವಾಕ್ಯದಲ್ಲಿ ಜಾಗವಿಲ್ಲ.

ಇಂಗ್ಲಿಷಿನಲ್ಲಿ ಬರೆಯುವವರು, ನಮ್ಮವರೂ ಸೇರಿ, ಈ ಪದವನ್ನು ಹೂವಿಗೆ, ರೋಮಕ್ಕೆ, ಮುಳುಗುಬಿಸಿಲಿಗೆ ಬಳಸಲಿ. ಬಟ್ಟೆ, ಬಣ್ಣ ಮಾರುವವರು ರಿಡ್ಜ್‌ವೇ ಅವರಂತೆ ಪಕ್ಕದಲ್ಲಿ ಇನ್ನೊಂದು ಪದ ಸೇರಿಸಲಿ. ಅವರು ಸೇರಿಸುವವರೆಗೆ, ಕೊಳ್ಳುವವರು ಹೆಸರನ್ನು ನಂಬಬೇಡಿ. ಒಂದು ತುಂಡನ್ನು ತರಿಸಿ ಹಗಲು ಬೆಳಕಿನಲ್ಲಿ ನೋಡಿಯೇ ದುಡ್ಡು ಕೊಡಿ.