ಗಸಿಗೊಂದು, ಪಂದಿ ಕರಿಗೊಂದು

ಬ್ಯಾಡಗಿ ಮೆಣಸಿನ ಕೆಂಪು, ತೆಂಗಿನಕಾಯಿಯ ಸಿಹಿ, ಹುಣಸೆಯ ಹುಳಿ. ಕೋರಿ ಗಸಿಯ ಒಂದೇ ತುತ್ತಿನಲ್ಲಿ ಇಷ್ಟೂ ಇರುತ್ತದೆ. ಇದಕ್ಕೆ ಜೊತೆಯಾಗುವ ವೈನನ್ನು ದೂರ ಹುಡುಕಬೇಕಿಲ್ಲ. ಅದು ನಂದಿಬೆಟ್ಟದ ತಪ್ಪಲಿನಲ್ಲೇ ತಯಾರಾಗುತ್ತದೆ.

ದೊಡ್ಡಬಳ್ಳಾಪುರದ ಬಳಿ ಗ್ರೋವರ್ ವೈನ್‌ಯಾರ್ಡ್ಸ್ ಶುರುವಾದದ್ದು 1988ರಲ್ಲಿ. ನೆಟ್ಟದ್ದು ಫ್ರೆಂಚ್ ತಳಿಗಳನ್ನು. ಮುಂದೆ ಬೋರ್ಡೊದ ಹೆಸರಾಂತ ತಜ್ಞ ಮಿಶೆಲ್ ರೋಲಾಂ ಸಲಹೆಗಾರರಾದರು. ಸುಮಾರು 900 ಮೀಟರ್ ಎತ್ತರದ ಆ ನೆಲದ ತಂಪು ರಾತ್ರಿಗಳು ಹಣ್ಣಿನ ಹುಳಿಯನ್ನು ಕಾಪಾಡುತ್ತವೆ. ಊಟದ ಜೊತೆಗಿನ ವೈನಿಗೆ ಆ ಹುಳಿಯೇ ಜೀವ.

ಇಲ್ಲಿನ ‘ಲಾ ರಿಸರ್ವ್’ ಕ್ಯಾಬರ್ನೆ ಸೋವಿನ್ಯೋಂ ಮತ್ತು ಶಿರಾಜ್ ಬೆರೆತ ಗಟ್ಟಿ ಕೆಂಪು ವೈನ್. ಗಸಿಯ ಪಕ್ಕಕ್ಕೆ ಇದು ಸಲ್ಲದು: ಟ್ಯಾನಿನ್ನಿನ ಒಗರು ಖಾರದ ಉರಿಯನ್ನು ಕೆರಳಿಸುತ್ತದೆ. ಅಲ್ಲಿ ಬೇಕಾದದ್ದು ಏಪ್ರಿಕಾಟ್ ಘಮದ ವಿಯೊನ್ಯೇ. ಕಾಣೆ ರವಾ ಫ್ರೈಗೆ ಚೆನ್ನಾಗಿ ತಣಿಸಿದ ಸೋವಿನ್ಯೋಂ ಬ್ಲಾಂ, ಮೇಲೆ ನಿಂಬೆ ಹಿಂಡಿದ ಹಾಗೆ.

ಲಾ ರಿಸರ್ವ್‌ಗೆ ನಿಜವಾದ ಜೋಡಿ ಕೊಡಗಿನ ಪಂದಿ ಕರಿ. ಟ್ಯಾನಿನ್ ಕೊಬ್ಬಿನ ಜಿಡ್ಡನ್ನು ತೊಳೆಯುತ್ತದೆ, ಕಾಚಂಪುಳಿಯ ಹುಳಿಗೆ ವೈನಿನ ಹುಳಿ ಸರಿಸಮ ನಿಲ್ಲುತ್ತದೆ. ಇನ್ನೂ ಸೊಗಸಾದ ಸಂಗತಿ: ಕರಿಮೆಣಸಿಗೆ ಘಾಟು ಕೊಡುವ ರೊಟಂಡೋನ್ ಎಂಬ ಪರಿಮಳದ ಅಂಶವೇ ಶಿರಾಜ್‌ನಲ್ಲೂ ಇದೆ. ಬೆಂಗಳೂರಿನ ಏಪ್ರಿಲಿನಲ್ಲಿ ಮಾತ್ರ ಈ ಕೆಂಪು ವೈನನ್ನೂ ಬಡಿಸುವ ಮುನ್ನ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಬೇಕು.